ಮರಳಿನ ಮೇಲೆ ಒಂಬತ್ತು ಹೆಜ್ಜೆ

"ಮೊದಲು ಪ್ಯಾಂಟು ಮೇಲೆತ್ತು, ಆಮೇಲೆ ಸುಳ್ಳು ಹೇಳು," ಎಂದ ಬಝೀಲ್, ತಿದಿಯ ಹಗ್ಗ ಕೈಬಿಡದೆ. "ಕಾಲು ತೋರಿಸಿದ ಮೇಲೂ ಏನೂ ಆಗಿಲ್ಲ ಅಂತ ನಿನ್ನ ಬಾಯಲ್ಲಿ ಬಂದ್ರೆ ಒಪ್ಕೋತೀನಿ."

ನಿಕೇಸ್ ಕುಲುಮೆಯ ಬಾಗಿಲ ಕಡೆ ಒಮ್ಮೆ ನೋಡಿ ಬಲಗಾಲಿನ ಪ್ಯಾಂಟನ್ನು ಮೇಲಕ್ಕೆ ಸುತ್ತಿದ. ಒಳಗೆ ಬಾಡಿದ ಎಲೆಕೋಸಿನ ಎಲೆಗಳ ಕಟ್ಟು. ಅದನ್ನು ಬಿಚ್ಚಿದಾಗ ಕಂಡದ್ದು ಮೊಣಕಾಲಿನ ಹಾಗೇ ಇರಲಿಲ್ಲ. ರೊಟ್ಟಿಯ ಹಿಟ್ಟನ್ನು ನಾದಿ, ನೀಲಿ ಬಳಿದು, ಕಾಲಿನ ನಡುವೆ ಮೆತ್ತಿದ ಹಾಗಿತ್ತು.

"ಯಾವಾಗಿಂದ?"

"ಸಂತ ಮಾರ್ತ್ಯಾಂ ಹಬ್ಬದ ವಾರದಿಂದ. ಹಳ್ಳದ ಹಲಗೆ ಮೇಲೆ ಜಾರಿದೆ ಭಾವ."

"ಅಂದ್ರೆ ಐದು ವಾರ! ಐದು ವಾರ ಈ ಕಾಲಲ್ಲಿ ದಿನಾ ಇಪ್ಪತ್ತೇಳು ಕಿಲೋಮೀಟರ್ ನಡೆದ್ಯಾ? ನನ್ನ ತಂಗಿಗೆ ಗೊತ್ತಾ?"

"ಈ ಎಲೆ ಕಟ್ಟಿದ್ದು ಮತ್ಯಾರು ಅಂದ್ಕೊಂಡೆ?"

"ನಿನ್ನ ಅಂಚೆಯಮ್ಮನಿಗೆ?"

"ಮೆಲ್ಲಗೆ ಮಾತಾಡು ಮಾರಾಯ," ಎಂದ ನಿಕೇಸ್, ಎಲೆಗಳನ್ನು ಮತ್ತೆ ಸುತ್ತುತ್ತ.

ವೆರ್ನೆಕೂರಿನ ಹಳ್ಳಿ ಸುತ್ತಿನ ಅಂಚೆಯವನು ಅವನು. ಹತ್ತೊಂಬತ್ತು ವರ್ಷದಿಂದ ಅದೇ ಸುತ್ತು. ಆರು ಹಳ್ಳಿ, ಆರು ಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಒಳಗೆ ಒಂದೊಂದು ಅಕ್ಷರದ ಹಿತ್ತಾಳೆ ಮುದ್ರೆ. ಅಂಚೆಯವನು ಕಾಗದಗಳನ್ನು ತೆಗೆದುಕೊಂಡರೆ ಸಾಲದು, ಆ ಮುದ್ರೆಯನ್ನು ತನ್ನ ದಿನದ ಹಾಳೆಯ ಮೇಲೆ ಒತ್ತಿಕೊಂಡು ಬರಬೇಕು. ಆರು ಅಕ್ಷರ ಇದ್ದರೆ ಆರು ಹಳ್ಳಿಗೂ ಹೋಗಿದ್ದ ಎಂದು ಅರ್ಥ. ಒಂದು ಕಮ್ಮಿಯಾದರೂ ಕೆಲಸಕ್ಕೆ ಕುತ್ತು. ಕಾಲು ಸೋತವನಿಗೆ ಚಕ್ರವರ್ತಿಯ ಅಂಚೆಯಲ್ಲಿ ಜಾಗವಿಲ್ಲ. ನಡೆಯಲಾರದವನ ಚೀಲ ಮರುದಿನವೇ ಇನ್ನೊಬ್ಬನ ಹೆಗಲಿಗೆ. ಆ ಇನ್ನೊಬ್ಬ ಯಾರೆಂದೂ ಊರಿಗೆ ಗೊತ್ತಿತ್ತು. ಸೈನ್ಯದಿಂದ ಬಂದ ಒಬ್ಬ ದೃಢಕಾಯದ ಹುಡುಗ ಆಗಲೇ ಎರಡು ಸಲ ಅಂಚೆ ಕಚೇರಿಗೆ ಬಂದು ಟೋಪಿ ತೆಗೆದು ನಮಸ್ಕಾರ ಹೇಳಿ ಹೋಗಿದ್ದ. ನಿಕೇಸ್‌ಗೆ ಹೊಲವಿಲ್ಲ, ಕಸುಬಿಲ್ಲ. ಇರುವುದು ಮೂರು ಹೆಣ್ಣುಮಕ್ಕಳು, ಹೆಂಡತಿ ಝೆಲಿ ಮತ್ತು ಈ ಸುತ್ತು.

ಕಚೇರಿಯ ಒಡತಿ ಮದಾಂ ಪೆಲ್ತಿಯೆ. ಗಂಡ ಸತ್ತ ಮೇಲೆ ಆ ಮೇಜಿನ ಹಿಂದೆ ಕೂತವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದರ ಈಚೆ ಬಂದು ಯಾರಿಗೂ ಏನೂ ಕೊಟ್ಟವಳಲ್ಲ. ಬೇಕಾದವರು ಅಲ್ಲಿಗೇ ಹೋಗಬೇಕು. ಬಾಗಿಲಿನಿಂದ ಮೇಜಿಗೆ ಒಂಬತ್ತು ಹೆಜ್ಜೆ. ಹೊರಗೆ ಎಷ್ಟು ಕುಂಟಿದರೂ ಆ ಒಂಬತ್ತು ಹೆಜ್ಜೆಯನ್ನು ಮಾತ್ರ ನಿಕೇಸ್ ಉಸಿರು ಬಿಗಿಹಿಡಿದು, ಬೆನ್ನು ನೆಟ್ಟಗೆ ಮಾಡಿ, ಮದುವೆ ಗಂಡಿನ ಹಾಗೆ ನಡೆಯುತ್ತಿದ್ದ. ದಿನಾ ನಸುಕಿನಲ್ಲಿ ಆಕೆ ಆ ನೆಲಕ್ಕೆ ಹೊಳೆಯ ಸಣ್ಣ ಮರಳು ಚೆಲ್ಲಿ ಸಮ ಮಾಡುತ್ತಿದ್ದಳು. ಆ ಕಡೆಯ ಮರ್ಯಾದಸ್ತರ ಮನೆಗಳಲ್ಲೆಲ್ಲ ಹಾಗೆಯೇ. ಮರಳ ಮೇಲೆ ನಡೆದು ಹೋಗುತ್ತಿದ್ದ ನಿಕೇಸ್ ಎಂದೂ ಹಿಂತಿರುಗಿ ನೆಲ ನೋಡಿದವನಲ್ಲ.

"ಹೊಸ ವರ್ಷದ ತನಕ ತಡ್ಕೊಂಡ್ರೆ ವಾಸಿಯಾಗುತ್ತೆ," ಎಂದ ಅವನು.

"ಹೊಸ ವರ್ಷಕ್ಕೆ ಕಾಲನ್ನ ಚೀಲದಲ್ಲಿ ಹಾಕ್ಕೊಂಡು ಹೋಗ್ತೀಯ," ಎಂದ ಬಝೀಲ್. "ಬಾ ಇಲ್ಲಿ. ಹಳೇ ನೋಟರಿಯ ಮರದ ಕುದುರೆ ನೆನಪಿದ್ಯಾ?"

ಬಣವೆಯ ಹಿಂದೆ, ಕೋಳಿಗಳು ಕೂತು ಬೆಳ್ಳಗೆ ಮಾಡಿದ್ದ ಒಂದು ವಸ್ತು ಇತ್ತು. ಒಂದರ ಹಿಂದೊಂದು ಎರಡು ಮರದ ಚಕ್ರ, ನಡುವೆ ಒಂದು ದಿಂಡು, ಅದರ ಮೇಲೆ ಕೂರಲು ಹರಿದ ತೊಗಲು. ನಲವತ್ತು ವರ್ಷದ ಹಿಂದೆ ಊರಿನ ನೋಟರಿ ಅದರ ಮೇಲೆ ಕೂತು, ಎರಡೂ ಕಾಲಿನಿಂದ ನೆಲ ಒದೆಯುತ್ತ ಚೌಕದಲ್ಲಿ ಸುತ್ತುತ್ತಿದ್ದನಂತೆ. ನಿಕೇಸ್ ಹತ್ತಿ ಕೂತ. ಎಡಗಾಲಿನಲ್ಲಿ ಒದ್ದ, ಸರಿಯಾಗಿತ್ತು. ಬಲಗಾಲಿನಲ್ಲಿ ಒದ್ದ, ಕಿರುಚಿಕೊಂಡು ಕೋಳಿಗಳ ಮಧ್ಯೆ ಬಿದ್ದ.

ಬಝೀಲ್ ನಗಲಿಲ್ಲ. ಅವನ ಕಣ್ಣು ಮೂಲೆಯ ಸಾಣೆಕಲ್ಲಿನ ಮೇಲಿತ್ತು. ಅದರ ಅಚ್ಚಿಗೆ ಒಂದು ಕಬ್ಬಿಣದ ಹಿಡಿ. ಅದನ್ನು ತಿರುವಿದರೆ ಕಲ್ಲು ತಿರುಗುತ್ತದೆ.

"ಕೈ ತಿರುವಿದ್ರೆ ಕಲ್ಲು ತಿರುಗುತ್ತೆ," ಎಂದು ಗೊಣಗಿದ. "ಕಾಲು ತಿರುವಿದ್ರೆ ಚಕ್ರ ಯಾಕೆ ತಿರುಗಬಾರ್ದು? ನೆಲ ಮುಟ್ಟೋ ಗೋಜೇ ಬೇಡ."

"ನೆಲ ಮುಟ್ಟದೆ ಇದ್ರೆ ಬೀಳಲ್ವಾ?"

"ಈಗ ಮುಟ್ಟಿ ಬಿದ್ದೆಯಲ್ಲ!"

ಮುಂದಿನ ಚಕ್ರದ ಅಚ್ಚಿನ ಎರಡೂ ತುದಿಗೆ ಅವನು ಒಂದೊಂದು ಕಬ್ಬಿಣದ ಕೈ ಬಡಿದು ಕೂರಿಸಿದ. ಇವತ್ತು ಮಕ್ಕಳೂ ಪೆಡಲು ಅನ್ನುವ ವಸ್ತುವಿಗೆ ಆಗ ಹೆಸರೇ ಇರಲಿಲ್ಲ. ಬಝೀಲ್ ಅದನ್ನು ತುಳಿಕೈ ಎಂದ. ಎಡಗಡೆಯದು ಉದ್ದ, ಬಲಗಡೆಯದು ಗಿಡ್ಡ. ಒಳ್ಳೆಯ ಕಾಲು ದುಡಿಯಲಿ, ಕೆಟ್ಟ ಕಾಲು ಸುಮ್ಮನೆ ಜೊತೆಗೆ ತಿರುಗಲಿ, ಮೊಣಕಾಲು ಹೆಚ್ಚು ಮಡಚದಿರಲಿ ಎಂದು. ಆ ಗಿಡ್ಡ ಕೈಯನ್ನು ಅಳೆಯುವಾಗ ಅವನು ನಿಕೇಸ್‌ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಲಾಳ ಕಟ್ಟುವ ಮೊದಲು ಕುದುರೆಯ ಗೊರಸನ್ನು ಹಿಡಿಯುವಂತೆ, ಮೆಲ್ಲಗೆ ಮಡಚಿ ಮಡಚಿ ನೋಡಿದ.

"ಒಂದು ಮಾತು ಕೇಳ್ಕೋ. ಇದು ನಮ್ಮೂರ ಕುಲುಮೆ ಕಬ್ಬಿಣ. ಬೇಸಿಗೇಲಿ ಎತ್ತು, ಹಿಮ ಬಿದ್ರೆ ಗಾಜು. ಕಾಡಲ್ಲಿ ಮರ ಕಡಿಯೋರು ಚಳಿಗಾಲದ ಬೆಳಗ್ಗೆ ಕೊಡಲಿಯನ್ನ ಅಂಗಿ ಒಳಗಿಟ್ಟು ಬೆಚ್ಚಗೆ ಮಾಡಿ ತಾನೆ ಮೊದಲನೇ ಏಟು ಹಾಕೋದು? ಇದಕ್ಕೂ ಹಾಗೇ. ನಿಂತಲ್ಲೆಲ್ಲ ಮೊಲದ ತೊಗಲು ಸುತ್ತು. ಹತ್ತೋ ಮೊದಲು ಅಂಗೈಯಲ್ಲಿ ಹಿಡಿದು ಉಜ್ಜು. ಮರೀಬೇಡ."

ಕಲಿಯಲು ಎಂಟು ದಿನ ಹಿಡಿಯಿತು. ಬಟ್ಟೆ ಒಗೆಯುವ ಕಟ್ಟೆಯ ಹೆಂಗಸರಿಗೆ ಅಷ್ಟು ಮಜಾ ಆ ವರ್ಷ ಬೇರೆ ಸಿಕ್ಕಿರಲಿಲ್ಲ.

"ಏನ್ರೇ, ಝೆಲಿ ಗಂಡ ನೂಲೋ ರಾಟೆ ಮೇಲೆ ಕೂತು ಹೊರಟವ್ನೆ!"

"ಕಾಗದಕ್ಕೆ ಅರ್ಜೆಂಟು ಕಣೇ, ಕಾಲ್ನಡಿಗೇಲಿ ಬರಲ್ವಂತೆ!"

ಅಷ್ಟರಲ್ಲಿ ಅವನು ಬೇಲಿಯೊಳಗೆ. ಆದರೆ ಒಂಬತ್ತನೆಯ ದಿನ ಅವನು ಬೀಳಲಿಲ್ಲ. ನಾಲ್ಕು ಗಂಟೆಗೆ ಮುಗಿಯುತ್ತಿದ್ದ ಸುತ್ತು ಮಧ್ಯಾಹ್ನಕ್ಕೇ ಮುಗಿಯಿತು. ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಹಾಡುವಾಗ ನಲವತ್ತಾರು ವರ್ಷದ ಗಂಡಸು ಒಬ್ಬನೇ ಜೋರಾಗಿ ನಕ್ಕ. ಯಂತ್ರವನ್ನು ಕಚೇರಿಯ ಗೋಡೆಗೆ ಒರಗಿಸಿ, ಒಂಬತ್ತು ಹೆಜ್ಜೆ ನೆಟ್ಟಗೆ ನಡೆದು, ಹಾಳೆ ಕೊಟ್ಟ. ಹೀಗೆ ನಾಲ್ಕು ದಿನ.

ಐದನೆಯ ದಿನ ಮದಾಂ ಪೆಲ್ತಿಯೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಗಂಟೆ ಎಷ್ಟು?"

"ಹನ್ನೆರಡು, ಅಮ್ಮಾವ್ರೇ."

"ಹತ್ತೊಂಬತ್ತು ವರ್ಷ ನಾಲ್ಕಕ್ಕೆ ಬರ್ತಿದ್ದವನು ಈಗ ಹನ್ನೆರಡಕ್ಕೆ ಬರ್ತೀಯ. ಪಕ್ಕದ ಜಿಲ್ಲೇಲಿ ಒಬ್ಬ ಮಹಾನುಭಾವ ಆರೂ ಮುದ್ರೆಯನ್ನ ಆಲೂಗಡ್ಡೆಯಲ್ಲಿ ಕೆತ್ಕೊಂಡು ಹೆಂಡದಂಗಡೀಲಿ ಕೂತು ಒತ್ತುತಿದ್ದ. ಈಗ ಜೈಲಲ್ಲಿ ಕೂತಿದಾನೆ. ನೀನು ಯಾತರಲ್ಲಿ ಕೆತ್ತಿದೀಯ?"

ನಿಕೇಸ್ ಬಾಗಿಲ ಕಡೆ ಕೈ ತೋರಿಸಿದ. "ಅಮ್ಮಾವ್ರೇ, ಹೊರಗೆ ಬಂದು ನೋಡಿ, ಗಾಡಿ ಇದೆ... ಎರಡು ಚಕ್ರದ್ದು..."

ಆಕೆ ಕೂತಲ್ಲಿಂದಲೇ ಕಿಟಕಿಯಾಚೆ ಕತ್ತು ಚಾಚಿದಳು. "ಇದರ ಮೇಲೆ ಕೂತು, ಎರಡೂ ಕಾಲು ನೆಲ ಬಿಟ್ಟು, ಆರು ಹಳ್ಳಿ. ನಾನು ನಂಬಬೇಕು."

"ನಂಬಿ ಅಮ್ಮಾವ್ರೇ."

"ನಾನು ನಂಬೋದು ಬಿಡೋದು ಬೇರೆ. ಜಿಲ್ಲಾ ಕಚೇರಿಗೆ ಬರೆದಾಗಿದೆ. ಗುರುವಾರ ತಪಾಸಣೆ ಸಾಹೇಬರು ಬರ್ತಾರೆ. ಅವತ್ತು ಇದೇ ಹೊತ್ತಿಗೆ ಸುತ್ತು ಮುಗಿಸಿ ತೋರಿಸು. ಚರ್ಚಿನ ಮಧ್ಯಾಹ್ನದ ಪ್ರಾರ್ಥನೆ ಗಂಟೆ ಬಾರಿಸೋದು ನಿಲ್ಲೋದ್ರೊಳಗೆ ಬಂದ್ರೆ ನಿನ್ನ ಮಾತು ಸತ್ಯ. ಬರದೆ ಇದ್ರೆ..." ಆಕೆ ಕನ್ನಡಕ ತೆಗೆದು ಒರೆಸಿದಳು. "ಇನ್ನೊಂದು, ಅಂಚೆಯವರ ದೇಹಸ್ಥಿತೀನೂ ಅವರು ನೋಡ್ತಾರಂತೆ."

ಕುಲುಮೆಯಲ್ಲಿ ಈ ಸುದ್ದಿ ಕೇಳಿ ಬಝೀಲ್ ಸುತ್ತಿಗೆ ಕೆಳಗಿಟ್ಟ. "ದಡ್ಡ ಶಿಖಾಮಣಿ! ಯಾವುದಾದ್ರೂ ಮರದ ಕೆಳಗೆ ಕೂತು ನಾಲ್ಕಕ್ಕೇ ಬರಬಾರ್ದಿತ್ತಾ?"

ನಿಕೇಸ್ ಅವನನ್ನು ಪಿಳಿಪಿಳಿ ನೋಡಿದ. "ಜನರ ಕಾಗದ ಹೊತ್ಕೊಂಡು ಮರದ ಕೆಳಗೆ ಕೂರೋದಾ ಭಾವ?"

ಬಝೀಲ್ ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡ.

ಗುರುವಾರ ನಸುಕಿನಲ್ಲಿ ಬಾವಿಯ ಹಗ್ಗ ಕೋಲಿನಂತೆ ಸೆಟೆದಿತ್ತು. ತಪಾಸಣೆ ಸಾಹೇಬರು ಹಿಂದಿನ ದಿನವೇ ಬಂದು ಕುದುರೆಗಾಡಿಯಲ್ಲಿ ಎಲ್ಲೋ ಸುತ್ತಾಡಿ ಬಂದಿದ್ದರಂತೆ. ನಿಕೇಸ್ ಕಚೇರಿಯ ಮರಳಿನ ಮೇಲೆ ಹೋಗಿ ಚೀಲ ತೆಗೆದುಕೊಂಡು ಬರುವಾಗ ಒಳಕೋಣೆಯಿಂದ ಅವರ ಕೆಮ್ಮು ಮಾತ್ರ ಕೇಳಿಸಿತು. ಝೆಲಿ ಎಡಗಡೆಯ ತುಳಿಕೈಯನ್ನು ಬಿಸಿ ಇಟ್ಟಿಗೆಯಿಂದ ಕಾಯಿಸುತ್ತ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು.

"ಯಾರು ಕರೆದ್ರೂ ನಿಲ್ಲಬೇಡಿ," ಎಂದಳು. "ನಿಮ್ಮ ದಾಕ್ಷಿಣ್ಯಕ್ಕೆ ಬೆಂಕಿ ಹಾಕ. ಇವತ್ತೊಂದು ದಿನ."

ಮೊದಲ ಪೆಟ್ಟಿಗೆ ತೆರೆದವನು ಮುದ್ರೆಯನ್ನು ಎರಡೆರಡು ಸಲ ನೋಡಿದ. ಮೊದಲ ಅಕ್ಷರ ಇರಬೇಕಾದಲ್ಲಿ ನಾಲ್ಕನೆಯ ಅಕ್ಷರ. ಸಾಹೇಬರು ನಿನ್ನೆ ಸುತ್ತಾಡಿದ್ದು ಯಾಕೆಂದು ಆಗ ತಿಳಿಯಿತು: ಮುದ್ರೆಗಳನ್ನು ಅದಲುಬದಲು ಮಾಡಿದ್ದರು. ಪೆಟ್ಟಿಗೆಯ ಹತ್ತಿರ ಹೋಗದವನಿಗೆ ಈ ಗುಟ್ಟು ಗೊತ್ತಾಗುವಂತಿಲ್ಲ. ಒಂದು ಲೆಕ್ಕಕ್ಕೆ ಅವನಿಗೆ ಸಮಾಧಾನವೇ ಆಯಿತು. ಒತ್ತಿದ. ತುಳಿಕೈಯನ್ನು ಉಜ್ಜಿದ. ಹೊರಟ. ಎರಡನೆಯದು, ಮೂರನೆಯದು, ಎಲ್ಲ ಸರಿಯಾಗಿ ಹೋಯಿತು. ನಾಲ್ಕನೆಯ ಹಳ್ಳಿಗೆ ಬಂದಾಗ ಇನ್ನೂ ಹತ್ತು ಗಂಟೆ ಆಗಿರಲಿಲ್ಲ.

ಅಲ್ಲಿ ಓದಿಲ್ ಅಜ್ಜಿಗೆ ಕಾಗದ ಇತ್ತು. ಆಫ್ರಿಕದಿಂದ, ಸಿಪಾಯಿ ಮಗನದು. ಅಜ್ಜಿಗೆ ಓದಲು ಬಾರದು. ಹತ್ತೊಂಬತ್ತು ವರ್ಷದಿಂದ ಆ ಹಳ್ಳಿಯ ಅರ್ಧ ಜನರ ಕಾಗದ ಓದಿ ಹೇಳುತ್ತಿದ್ದವನು ನಿಕೇಸೇ.

"ತಗೋ ಅಜ್ಜಿ. ಓದೋದು ನಾಳೆ."

"ನಾಳೆಯಾ?" ಅಜ್ಜಿ ಯಂತ್ರದ ಮುಂದಿನ ಚಕ್ರವನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ನಾಳೆ ಇರ್ತೀನಿ ಅಂತ ಯಾರು ಹೇಳಿದ್ರು ನಿಂಗೆ? ಪಾದ್ರಿ ಹೇಳಿದ್ರಾ?"

"ಅಜ್ಜೀ, ಇವತ್ತು ನನ್ನ ಹೊಟ್ಟೆಪಾಡಿನ ಪ್ರಶ್ನೆ."

"ನಂದು ಮಗನ ಪ್ರಶ್ನೆ. ಚಕ್ರ ಬಂದ ಮೇಲೆ ನಿಂಗೆ ಸೊಕ್ಕು ಬಂದಿದೆ. ನಡ್ಕೊಂಡು ಬರ್ತಿದ್ದಾಗ ಮನುಷ್ಯನಾಗಿದ್ದೆ."

ಅಜ್ಜಿ ಚಕ್ರ ಬಿಡಲಿಲ್ಲ. ನಿಕೇಸ್ ಇಳಿದ. ಯಂತ್ರವನ್ನು ಚರ್ಚಿನ ಗೋಡೆಗೆ ಒರಗಿಸಿ ಕಾಗದ ಒಡೆದು ಗಡಿಬಿಡಿಯಲ್ಲಿ ಓದಿದ: "ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಜಾಸ್ತಿ. ಕಾಲುಚೀಲ ಕಳಿಸು. ಹಂದಿ ಕೊಯ್ದ್ರಾ?"

"ಅಷ್ಟು ಬೇಗ ಬೇಡ. ಅವನು ಹಾಗೆ ಮಾತಾಡಲ್ಲ. ನಿಧಾನಕ್ಕೆ ಓದು, ಅವನ ಥರ."

ನಿಧಾನಕ್ಕೆ ಓದಿದ. ಮತ್ತೊಮ್ಮೆ ಓದಿಸಿದಳು. ಹಂದಿ ಕೊಯ್ದದ್ದರ ಬಗ್ಗೆ ಎರಡು ಸಾಲು ಬರೆಸಿದಳು. ಕಾಲು ಗಂಟೆಯ ಮೇಲೆ ಕಾಲು ಗಂಟೆ ಹೋಯಿತು. ಕೊನೆಗೆ ಬಿಡಿಸಿಕೊಂಡು ಓಡಿ, ಅಂದರೆ ಕುಂಟಿ, ಪೆಟ್ಟಿಗೆಯ ಮುದ್ರೆ ಒತ್ತಿ, ಯಂತ್ರ ಹತ್ತಿ, ಎಡಗಾಲಿನಲ್ಲಿ ಇದ್ದಷ್ಟು ಬಲ ಹಾಕಿ ಒಮ್ಮೆ ತುಳಿದ.

ಸದ್ದು ದೊಡ್ಡದೇನಲ್ಲ. ಒಣ ಕಡ್ಡಿ ಮುರಿದ ಹಾಗೆ. ಉದ್ದನೆಯ ತುಳಿಕೈ ರಸ್ತೆಯ ಮೇಲೆ ಬಿದ್ದಿತ್ತು; ಮುರಿದ ಕಡೆ ಕಬ್ಬಿಣ ಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗುತ್ತಿತ್ತು. ಚರ್ಚಿನ ಉತ್ತರದ ಗೋಡೆ, ಬಿಸಿಲು ಕಾಣದ ನೆರಳು. ಮೊಲದ ತೊಗಲು ಅವನ ಜೇಬಿನಲ್ಲೇ ಇತ್ತು.

ಅವನು ತೊಗಲನ್ನು ಹೊರತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಬೈಯಲು ಯಾರೂ ಸಿಗಲಿಲ್ಲ, ಅಜ್ಜಿಯೂ ಒಳಗೆ ಹೋಗಿದ್ದಳು. ಇನ್ನು ಎರಡು ಹಳ್ಳಿ, ಒಂಬತ್ತು ಕಿಲೋಮೀಟರ್. ಈ ಕಾಲಲ್ಲಿ ನಡೆದರೆ ಮೂರು ಗಂಟೆ ಬೇಕು. ತಡವಾದರೆ ಹಿಂದಿನ ದಿನಗಳ ಹಾಳೆಗಳೂ ಸುಳ್ಳು, ಜೈಲು. ಉಳಿದದ್ದು ಬಲಗಡೆಯ ಗಿಡ್ಡ ಕೈ, ಆ ಕಾಲಿಗಾಗಿಯೇ ಗಿಡ್ಡ ಮಾಡಿದ್ದು, ಜೋರು ಹಾಕಲಿಕ್ಕೆ ಏನೂ ಸಾಲದ್ದು.

ಚೀಲದ ಪಟ್ಟಿಯಿಂದ ಬಲಗಾಲನ್ನು ಆ ಗಿಡ್ಡ ಕೈಗೆ ಕಟ್ಟಿಕೊಂಡ. ಎಡಗಾಲಿನಲ್ಲಿ ಹಳೇ ನೋಟರಿಯ ಹಾಗೆ ನೆಲ ಒದ್ದ. ಚಕ್ರ ಉರುಳಿತು. ಉರುಳಿದಷ್ಟು ಸಲವೂ ಕಟ್ಟಿದ ಕಾಲು ಮೇಲೆ ಬರಬೇಕು, ಮೊಣಕಾಲು ಮಡಚಬೇಕು. ಬೇಡವೆಂದರೆ ಬಿಡದು, ಚಕ್ರಕ್ಕೆ ಅವನ ಮಾತು ಕೇಳುವ ಕಿವಿ ಎಲ್ಲಿದೆ? ಐದನೆಯ ಪೆಟ್ಟಿಗೆಯ ತನಕ ಇಳಿಜಾರು. ಅಲ್ಲಿಂದ ಆರನೆಯದಕ್ಕೆ ಏರು. ಏರಿನಲ್ಲಿ ಒದೆತ ಸಾಲದೆ ಕೆಟ್ಟ ಕಾಲಿನಿಂದಲೇ ತುಳಿದ. ತುಳಿದಾಗೆಲ್ಲ ಒಂದು ಕೂಗು ಬಾಯಿಗೆ ಬರುತ್ತಿತ್ತು. ಮೊದಮೊದಲು ನುಂಗಿದ, ಆಮೇಲೆ ನುಂಗುವುದಕ್ಕೂ ಉಸಿರಿಲ್ಲದೆ ಕೂಗಿಬಿಟ್ಟ. ಹೊಲದ ಕಾಗೆಗಳು ಎದ್ದು ಹಾರಿದವು. ಮಕ್ಕಳ ಹೆಸರು ಹೇಳಿಕೊಂಡು ತುಳಿದ; ಮೂರು ಹೆಸರು ಬೇಗ ಮುಗಿದುಹೋಗುತ್ತಿದ್ದವು, ಮತ್ತೆ ಮೊದಲಿನಿಂದ. ಆರನೆಯ ಪೆಟ್ಟಿಗೆಯನ್ನು ಯಂತ್ರದಿಂದ ಇಳಿಯದೆಯೇ, ಗೋಡೆಗೆ ಭುಜ ಆನಿಸಿ ತೆರೆದ. ಇಳಿದರೆ ಮತ್ತೆ ಹತ್ತಲಾರೆ ಎಂದು ಅವನಿಗೆ ಗೊತ್ತಿತ್ತು.

ವೆರ್ನೆಕೂರಿನ ಇಳಿಜಾರಿನಲ್ಲಿ ಮಧ್ಯಾಹ್ನದ ಗಂಟೆಯ ಮೊದಲ ಪೆಟ್ಟು ಕೇಳಿಸಿತು. ಬಟ್ಟೆ ಕಟ್ಟೆಯ ಹೆಂಗಸರು ಈ ಸಲ ನಗಲಿಲ್ಲ. ಅವನ ಮುಖ ನೋಡಿ ದಾರಿ ಬಿಟ್ಟರು. ಕಚೇರಿಯ ಗೋಡೆಗೆ ಬಡಿದು ನಿಂತ. ಪಟ್ಟಿ ಬಿಚ್ಚಿದ. ಬಾಗಿಲ ಚೌಕಟ್ಟನ್ನು ಹಿಡಿದು ಎದ್ದು ನಿಂತಾಗ ಗಂಟೆಯ ಕೊನೆಯ ಸುತ್ತು ಇನ್ನೂ ನಡೆದಿತ್ತು.

ತಪಾಸಣೆಯ ದಿನವಾದ್ದರಿಂದ ಜನರಿಗೆ ಕಚೇರಿ ಇರಲಿಲ್ಲ. ಮದಾಂ ಪೆಲ್ತಿಯೆ ಮೇಜಿನ ಹಿಂದೆ. ಸಾಹೇಬರು ಪಕ್ಕದಲ್ಲಿ, ಒಲೆಯ ಕಡೆ ಮುಖ ಮಾಡಿ, ಕೈಯಲ್ಲಿ ಗಡಿಯಾರ ಹಿಡಿದು ಕೂತಿದ್ದರು.

"ಬಂದ," ಎಂದರು ತಿರುಗದೆಯೇ. "ಹಾಳೆ ಬರಲಿ. ಆಮೇಲೆ ಒಂದಿಷ್ಟು ನಡೆದಾಡಲಿ, ನೋಡೋಣ."

ಮುಂದೆ ಒಂಬತ್ತು ಹೆಜ್ಜೆ. ನಿಕೇಸ್ ಉಸಿರು ಬಿಗಿಹಿಡಿದ. ಬಲಗಾಲಿಗೆ ಒಂದಿಷ್ಟು ಭಾರ ಹಾಕಿ ನೋಡಿದ, ಕಾಲು ಅಲ್ಲಿ ಇರಲೇ ಇಲ್ಲ. ಚೌಕಟ್ಟು ಬಿಟ್ಟರೆ ಬೀಳುತ್ತಾನೆ. ತಲೆ ತಗ್ಗಿಸಿದ. ಆಗ ಮೊದಲ ಬಾರಿಗೆ ಆ ನೆಲವನ್ನು ನೋಡಿದ.

ಬೆಳಗಿನ ಮರಳಿನ ಮೇಲೆ ಅವನ ಬೆಳಗಿನ ಹೆಜ್ಜೆಗಳು ಹಾಗೇ ಇದ್ದವು. ಒಂದು ಪೂರ್ತಿ ಬೂಟಿನ ಗುರುತು, ಮೊಳೆ ಮೊಳೆಯೂ ಎಣಿಸುವ ಹಾಗೆ. ಪಕ್ಕದಲ್ಲಿ ಒಂದು ಉದ್ದನೆಯ ಗೀರು. ಮತ್ತೆ ಬೂಟು. ಮತ್ತೆ ಗೀರು. ಮೇಜಿನವರೆಗೆ, ಮೇಜಿನಿಂದ ವಾಪಸು. ಹಾಗಾದರೆ ಇಷ್ಟು ವಾರ, ದಿನಾ, ಈ ಗೀರು ಆಕೆಯ ಕಣ್ಣೆದುರೇ ಇತ್ತು.

ತಲೆ ಎತ್ತಿದಾಗ ಮದಾಂ ಪೆಲ್ತಿಯೆ ಅವನನ್ನೇ ನೋಡುತ್ತಿದ್ದಳು. ಸಾಹೇಬರು ಮೊಣಕಾಲಿನ ಮೇಲೆ ಕೈಯೂರಿ ಏಳಲು ಹೊರಟಿದ್ದರು.

"ನಿಂತ್ಕೋ ಅಲ್ಲೇ!" ಎಂದು ಆಕೆ ಗದರಿದ ರಭಸಕ್ಕೆ ಅವರು ಮತ್ತೆ ಕೂತರು. "ಆ ಕೊಳಕು ಬೂಟಲ್ಲಿ ಒಳಗೆ ಕಾಲಿಟ್ರೆ ನೋಡು! ಈಗ ತಾನೆ ಮರಳು ಹಾಕಿದೀನಿ."

"ಅಮ್ಮಾವ್ರೇ..."

"ಬಾಯಿ ಮುಚ್ಕೊಂಡು ಹೊಸಿಲಲ್ಲಿ ನಿಂತ್ಕೋ ಅಂದೆ. ಸಾಹೇಬ್ರೇ, ನೀವು ಒಲೆ ಬಿಟ್ಟು ಏಳಬೇಡಿ, ಬಾಗಿಲು ತೆಗೆದಿದೆ, ಶೀತ ಆಗುತ್ತೆ. ಇಪ್ಪತ್ತೇಳು ಕಿಲೋಮೀಟರ್ ಸುತ್ತಿ ಗಂಟೆ ನಿಲ್ಲೋ ಮೊದಲು ಬಂದವನ ನಡಿಗೆ ಇನ್ನೇನು ನೋಡೋದಿದೆ?"

"ಅದೂ ಸರಿಯೇ," ಎಂದರು ಸಾಹೇಬರು, ಗಡಿಯಾರದ ಮುಚ್ಚಳ ಹಾಕುತ್ತ. "ಅಕ್ಷರಗಳು ಸರಿ ಇದ್ರೆ ಆಯ್ತು. ತನ್ನಿ."

ಮದಾಂ ಪೆಲ್ತಿಯೆ ಮೇಜಿನ ಪಕ್ಕದ ಚಿಕ್ಕ ಬಾಗಿಲನ್ನು ತೆಗೆದಳು. ಅದರ ಕೀಲು ತುಕ್ಕು ಹಿಡಿದು ಕಿರುಗುಟ್ಟಿತು. ಹೊರಗೆ ಗಂಟೆ ನಿಂತಿತು. ಆಕೆ ಅವಸರವಿಲ್ಲದೆ ಬಾಗಿಲಿನ ಕಡೆಗೆ ನಡೆದು ಬಂದಳು, ನಿಕೇಸ್‌ನ ಹೆಜ್ಜೆಗಳ ಸಾಲಿನ ಮೇಲೆಯೇ. ಆಕೆಯ ಕಪ್ಪು ಲಂಗದ ಅಗಲವಾದ ಅಂಚು ಮರಳಿನ ಮೇಲೆ ಎಳೆದುಕೊಂಡು ಬರುತ್ತಿತ್ತು. ಅದು ದಾಟಿದ ಕಡೆಯೆಲ್ಲ ನೆಲ ಸಮವಾಗುತ್ತಿತ್ತು.